ನಕ್ಷತ್ರದೂರಿಗೆ ವ್ಯಾಪಾರಕ್ಕೆ ಹೋದವರು

ವಿಜ್ಞಾನ ಕಥೆ ಅಂದರೆ ಹಾರುವ ತಟ್ಟೆ, ಲೇಸರ್ ಬಂದೂಕು, ಹಸಿರು ಮೈಯ ರಾಕ್ಷಸ ಅಷ್ಟೇ ಅನ್ನುವವರನ್ನು ಅವರ ಪಾಡಿಗೆ ಬಿಟ್ಟುಬಿಡೋಣ. ಈ ಮಾತು ಇರೋದು ರಾಜಶೇಖರ ಭೂಸನೂರಮಠರ ಕಥೆಗಳಿಂದ ರುಚಿ ಹತ್ತಿಸಿಕೊಂಡವರಿಗೆ, ಅಸಿಮೋವ್, ಕ್ಲಾರ್ಕ್ ಓದಿ ಮುಗಿಸಿ 'ಮುಂದೆ ಯಾವುದು?' ಅಂತ ಕೇಳುವವರಿಗೆ. ಅಂಥವರಿಗೆ ನಾವು ಹೇಳುವ ಹೆಸರು ವರ್ನರ್ ವಿಂಜಿ ಬರೆದ 'ಎ ಡೀಪ್‌ನೆಸ್ ಇನ್ ದಿ ಸ್ಕೈ'. ಇಂಗ್ಲಿಷಿನಲ್ಲಿ 1999ರಲ್ಲಿ ಬಂತು, 2000ದಲ್ಲಿ ಹ್ಯೂಗೋ ಪ್ರಶಸ್ತಿ ಪಡೆಯಿತು. ಆರುನೂರು ಪುಟ ದಾಟುತ್ತದೆ. ವಿಂಜಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಗಣಿತ, ಕಂಪ್ಯೂಟರ್ ಪಾಠ ಹೇಳಿದ ಮೇಷ್ಟ್ರು. 2024ರ ಮಾರ್ಚ್‌ನಲ್ಲಿ ತೀರಿಕೊಂಡರು.

ಇಷ್ಟು ದಪ್ಪ ಪುಸ್ತಕ ಅಂಗಡಿ, ಹೊಲ ನೋಡಿಕೊಂಡು ಇರುವವರಿಗೆ ಯಾಕೆ? ಯಾಕಂದರೆ ಇದರ ನಾಯಕರು ಸೈನಿಕರಲ್ಲ, ವ್ಯಾಪಾರಿಗಳು. ಅವರ ಕುಲದ ಹೆಸರು ಚೆಂಗ್ ಹೋ. 15ನೇ ಶತಮಾನದ ಆರಂಭದಲ್ಲಿ ದೊಡ್ಡ ಹಡಗುಪಡೆ ಕಟ್ಟಿಕೊಂಡು ನಮ್ಮ ಪಶ್ಚಿಮ ಕರಾವಳಿಯ ಕಲ್ಲಿಕೋಟೆವರೆಗೂ ಬಂದಿದ್ದ ಚೀನೀ ನೌಕಾಧಿಪತಿಯ ಹೆಸರದು. ಕಾದಂಬರಿಯ ಚೆಂಗ್ ಹೋ ಹಡಗುಗಳು ಬೆಳಕಿನ ವೇಗ ಮುಟ್ಟಲಾರವು. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹೋಗಲು ಹತ್ತಾರು ವರ್ಷ, ಕೆಲವೊಮ್ಮೆ ನೂರಾರು ವರ್ಷ. ಜನ ಶೀತನಿದ್ರೆಯಲ್ಲಿ ಮಲಗಿ ಹೋಗ್ತಾರೆ. ಹೋಗಿ ಇಳಿಯುವ ಹೊತ್ತಿಗೆ ಗಿರಾಕಿಯ ಊರೇ ಹಾಳಾಗಿದ್ದರೆ ಮಾಲು ಯಾರಿಗೆ ಮಾರೋದು? ಅದಕ್ಕೇ ಅವರು ಭಾಷೆ, ಅಳತೆ, ಮೂಲ ತಂತ್ರಜ್ಞಾನವನ್ನೆಲ್ಲ ರೇಡಿಯೋದಲ್ಲಿ ಬಿಟ್ಟಿಯಾಗಿ ಬಿತ್ತರಿಸುತ್ತಾ ಇರ್ತಾರೆ. ಗಿರಾಕಿ ಬದುಕಿದ್ದರೆ ತಾನೇ ವ್ಯಾಪಾರ!

ಅವರ ಕಾಲದ ಲೆಕ್ಕವೂ ಬೇರೆ. ದಿನ, ತಿಂಗಳು ಇಲ್ಲ, ಬರೀ ಸೆಕೆಂಡು. ಸಾವಿರ ಸೆಕೆಂಡು ಅಂದರೆ ಸುಮಾರು 17 ನಿಮಿಷ, ಹತ್ತು ಲಕ್ಷ ಅಂದರೆ ಹನ್ನೊಂದೂವರೆ ದಿನ. ಈ ಎಣಿಕೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಿನದಿಂದ ಶುರು ಅಂತ ಅವರ ನಂಬಿಕೆ. ನಿಜವಾಗಿ ಅದು ಶುರುವಾಗೋದು ಅದಾದ ಕೆಲವು ತಿಂಗಳ ಮೇಲೆ, 1970ರ ಜನವರಿ 1ರಿಂದ. ನಮ್ಮ ಇಂದಿನ ಯೂನಿಕ್ಸ್ ಕಂಪ್ಯೂಟರುಗಳು ಎಣಿಸೋದೂ ಅಲ್ಲಿಂದಲೇ! ಸಾವಿರಾರು ವರ್ಷದ ಹಳೆಯ ಪ್ರೋಗ್ರಾಮುಗಳನ್ನು ಅಗೆದು ತೆಗೆಯುವ ಕಸುಬೇ ಅಲ್ಲಿದೆ.

ಕಥೆ ನಡೆಯೋದು ಒಂದು ವಿಚಿತ್ರ ನಕ್ಷತ್ರದ ಹತ್ತಿರ. 250 ವರ್ಷದಲ್ಲಿ 35 ವರ್ಷ ಮಾತ್ರ ಅದು ಉರಿಯುತ್ತದೆ, ಉಳಿದ ಕಾಲ ಆರಿರುತ್ತದೆ. ಅಲ್ಲಿನ ಗ್ರಹದಲ್ಲಿ ಗಾಳಿಯೇ ಹೆಪ್ಪುಗಟ್ಟುತ್ತದೆ. ಅಲ್ಲಿ ಬುದ್ಧಿಯುಳ್ಳ ಜೇಡಗಳಿವೆ. ಕತ್ತಲು ಬಂದಾಗ ನೆಲದಡಿಯ ಗುಂಡಿಗಳಲ್ಲಿ ಮಲಗಿ, ಬೆಳಕು ಹೊತ್ತಿದಾಗ ಏಳುತ್ತವೆ. ಮೊದಲ ಮಳೆಗೆ ಕಾಯುವ ಬೀಜದ ಹಾಗೆ ಅನ್ನಿ. ಕತ್ತಲಲ್ಲೂ ಎಚ್ಚರವಾಗಿ ಬಾಳಬಹುದು ಅಂತ ಹಟ ಹಿಡಿದ ಶೆರ್ಕೇನರ್ ಅಂಡರ್‌ಹಿಲ್ ಅನ್ನುವ ಜೇಡ ವಿಜ್ಞಾನಿ ಇಡೀ ಪುಸ್ತಕದ ಜೀವ. ಮಕ್ಕಳಿಗಾಗಿ ನಡೆಯುವ ರೇಡಿಯೋ ವಿಜ್ಞಾನ ಪಾಠದ ಪುಟಗಳನ್ನಂತೂ ಬಿಡಬೇಡಿ.

ಅಲ್ಲಿಗೆ ಚೆಂಗ್ ಹೋಗಳ ಜೊತೆಗೇ ಎಮರ್ಜೆಂಟ್ ಅನ್ನುವ ಇನ್ನೊಂದು ಗುಂಪೂ ಬರುತ್ತದೆ. ಕರಾರು ಮಾಡಿಕೊಂಡು ಮೋಸ ಮಾಡುತ್ತದೆ. ಹೊಡೆದಾಟದಲ್ಲಿ ಎರಡೂ ಕಡೆಯ ಹಡಗು ಜಖಂ. ಜೇಡಗಳು ಕಾರ್ಖಾನೆ ಕಟ್ಟುವಷ್ಟು ಬೆಳೆಯುವವರೆಗೆ ಎಲ್ಲರೂ ಅಲ್ಲೇ ಅಡಗಿ ಕಾಯಬೇಕು, ಹತ್ತಾರು ವರ್ಷ. ಗೆದ್ದವರ ಕೈಯಲ್ಲಿ ಒಂದು ಭಯಂಕರ ವಿದ್ಯೆ ಇದೆ, ಅದಕ್ಕೆ 'ಫೋಕಸ್' ಅಂತ ಹೆಸರು. ಒಂದು ವೈರಸ್ಸನ್ನು ಮಿದುಳಿಗೆ ಹಚ್ಚಿ ತಿರುವಿದರೆ ಮನುಷ್ಯ ಊಟ, ಸ್ನಾನದ ಪರಿವೆಯಿಲ್ಲದೆ ಒಂದೇ ಕೆಲಸಕ್ಕೆ ಅಂಟಿಕೊಳ್ಳುತ್ತಾನೆ. ಸಂಬಳ ಬೇಡ, ಬೇಸರವಿಲ್ಲ, ಪ್ರೀತಿ ಮಾತ್ರ ಸತ್ತುಹೋಗುತ್ತದೆ.

ಎರಡು ಭಾಷೆಯಲ್ಲಿ ವ್ಯವಹಾರ ಮಾಡುವ ನಮ್ಮ ಓದುಗರು ನಿಲ್ಲಬೇಕಾದ ಜಾಗ ಇದು. ಜೇಡಗಳಿಗೆ ಇಂಗ್ಲಿಷ್ ಹೆಸರು, ಮೋಟಾರು, ಮೆಟ್ಟಿಲು ಯಾಕೆ ಅಂತ ಮೊದಲು ಗೊಂದಲವಾಗ್ತದೆ. ಲೇಖಕನ ಸೋಮಾರಿತನ ಅಂತಲೂ ಅನ್ನಿಸಬಹುದು. ಆಮೇಲೆ ಗೊತ್ತಾಗ್ತದೆ, ನಾವು ಓದುತ್ತಿರೋದು ಅನುವಾದ! ಜೇಡಗಳ ಮಾತನ್ನು ಪದಕ್ಕೆ ಪದ ಇಡದೆ ಮನೆಮಾತಿನ ಭಾವದಲ್ಲಿ ದಾಟಿಸುತ್ತಿರುವವರು ಫೋಕಸ್ ಆದ ಭಾಷಾಂತರಕಾರರು. ಅವರಲ್ಲಿ ಟ್ರಿಕ್ಸಿಯಾ ಅನ್ನುವವಳನ್ನು ಪ್ರೀತಿಸಿದ ಎಜ್ರ್ ವಿನ್ ಎದುರಿಗೇ ನಿಂತಿದ್ದರೂ ಅವಳಿಗೆ ಅವನು ಬೇಕಿಲ್ಲ, ಮುಂದಿನ ವಾಕ್ಯ ಬೇಕು. ಅಷ್ಟು ಸೊಗಸಾದ ಅನುವಾದದ ಬೆಲೆ ಅದು.

ವ್ಯಾಪಾರಿ ಕುಲವನ್ನೆಲ್ಲ ಒಂದು ಸಾಮ್ರಾಜ್ಯ ಮಾಡಹೊರಟು ಹಿಂದೆ ಸೋತಿದ್ದ ಫಾಮ್ ನ್ಯೂವೆನ್‌ಗೆ ಈ ಫೋಕಸ್ ನೋಡಿ ಆಸೆ ಹುಟ್ಟುತ್ತದೆ: ತನ್ನ ಕನಸಿಗೆ ಕೊರತೆಯಾಗಿದ್ದ ಸಾಧನ ಇದೇ ಅಲ್ಲವೇ? ಅವನು ಏನು ಮಾಡಿದ ಅಂತ ಹೇಳಿದರೆ ನಿಮ್ಮ ಓದು ಕೆಡುತ್ತದೆ.

ಮೊದಲ ನೂರು ಪುಟ ನಿಧಾನ, ಹೆಸರುಗಳೂ ಜಾಸ್ತಿ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪುಟಕ್ಕೊಂದು ಯುದ್ಧ ಬೇಕು ಅನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ. ವಿಂಜಿ 1992ರಲ್ಲೇ ಬರೆದ 'ಎ ಫೈರ್ ಅಪಾನ್ ದಿ ಡೀಪ್' ಇದೇ ಲೋಕದ್ದು, ಆದರೆ ಅದರ ಕಥೆ ಸಾವಿರಾರು ವರ್ಷ ಆಮೇಲಿನದು. ಹಾಗಾಗಿ ಅದನ್ನು ಓದದೆಯೂ ಇದನ್ನು ಶುರು ಮಾಡಬಹುದು.