ಫ್ರಿಜ್ಜಿನಲ್ಲಿ ಮಲಗುವ ನೊಣಬೇಟೆಗಾರ

ನವೆಂಬರ್ ಬಂತೆಂದರೆ ವೀನಸ್ ಫ್ಲೈಟ್ರ್ಯಾಪ್ ಸಾಕಿದವರಿಗೆ ಆತಂಕ ಶುರು. ಮಳೆಗಾಲವಿಡೀ ನೊಣ, ಇರುವೆಗಳನ್ನು ಗಬಕ್ಕನೆ ಹಿಡಿಯುತ್ತಿದ್ದ ಗಿಡ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಹೊರಸುತ್ತಿನ ಎಲೆಗಳು ಕಪ್ಪಾಗಿ ಒಣಗುತ್ತವೆ. ಹೊಸ ಎಲೆಗಳು ಗಿಡ್ಡ, ಮಣ್ಣಿಗೆ ಅಂಟಿಕೊಂಡಂತೆ. ಗಿಡಕ್ಕೆ ಏನೋ ಆಯಿತೆಂದು ಗಾಬರಿಯಾಗಿ ಮನೆಯವರು ಗೊಬ್ಬರ ಹಾಕುತ್ತಾರೆ, ಕುಂಡವನ್ನು ಬೆಚ್ಚಗಿನ ಮೂಲೆಗೆ ಸರಿಸುತ್ತಾರೆ. ಅದು ನಿಜವಾಗಿ ಸಾಯುವುದು ಆಮೇಲೆ!

ಗಿಡ ಮಲಗಲು ಹೊರಟಿರುತ್ತದೆ, ಅಷ್ಟೇ. ಅದರ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಕರಾವಳಿ ಬಯಲು. ವಿಲ್ಮಿಂಗ್‌ಟನ್ ಪಟ್ಟಣದ ಸುತ್ತಮುತ್ತ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇದು ಸಹಜವಾಗಿ ಬೆಳೆದದ್ದಲ್ಲ. ಅಲ್ಲಿ ಜೂನ್‌ನಲ್ಲಿ ಹಗಲು ಹದಿನಾಲ್ಕು ಗಂಟೆಗೂ ಹೆಚ್ಚು. ಡಿಸೆಂಬರ್‌ನಲ್ಲಿ ಸುಮಾರು ಹತ್ತು. ರಾತ್ರಿ ಆಗಾಗ ಮಂಜುಗಟ್ಟುವ ಚಳಿ. ಹಗಲು ಕಿರಿದಾಗುತ್ತಾ ಚಳಿ ಏರುತ್ತಿದ್ದಂತೆ ಗಿಡ ಬೆಳವಣಿಗೆ ನಿಲ್ಲಿಸಿ, ಮಣ್ಣೊಳಗಿನ ಬಿಳಿ ಗೆಡ್ಡೆಯಂಥ ಕಾಂಡದಲ್ಲಿ ಕೂಡಿಟ್ಟ ಪಿಷ್ಟವನ್ನು ನೆಚ್ಚಿಕೊಂಡು ಮೂರ್ನಾಲ್ಕು ತಿಂಗಳು ಸುಮ್ಮನಿರುತ್ತದೆ.

ಬೆಂಗಳೂರಿನಲ್ಲಿ ಈ ಸೂಚನೆಗಳೆಲ್ಲ ಅರೆಬರೆ. ಇಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ನಗರದ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ! ಫ್ಲೈಟ್ರ್ಯಾಪ್‌ಗೆ ಬೇಕಾದದ್ದು ವಾರಗಟ್ಟಲೆ 10 ಡಿಗ್ರಿಗಿಂತ ಕೆಳಗಿನ ತಂಪು. ನಿದ್ದೆಗೆಟ್ಟ ಗಿಡ ಒಂದೆರಡು ವರ್ಷ ಹೇಗೋ ತಳ್ಳಿ, ಸೊರಗಿ ಹೋಗುತ್ತದೆ ಎಂಬುದು ಬೆಳೆಗಾರರ ಅನುಭವ.

ಹಾಗಾಗಿ ಚಳಿಗಾಲವನ್ನು ಫ್ರಿಜ್ಜಿನಲ್ಲೇ ಸೃಷ್ಟಿಸಬೇಕು. ನವೆಂಬರ್ ಹೊತ್ತಿಗೆ ಗಿಡವನ್ನು ಮೆಲ್ಲಗೆ ಬಿಡಿಸಿ, ಬೇರಿನ ಮಣ್ಣು ತೊಳೆದು, ಕಪ್ಪಾದ ಎಲೆಗಳನ್ನು ಬುಡದವರೆಗೆ ಕತ್ತರಿಸಬೇಕು. ಒಂದು ಕೊಳೆತ ಎಲೆ ಉಳಿದರೂ ಬೂದು ಬೂಷ್ಟು ಅಲ್ಲಿಂದಲೇ ಹಬ್ಬುತ್ತದೆ. ಆಮೇಲೆ ಸ್ಫ್ಯಾಗ್ನಂ ಪಾಚಿಯನ್ನು ನೆನೆಸಿ, ಹನಿ ತೊಟ್ಟಿಕ್ಕದಷ್ಟು ಹಿಂಡಿ, ಬೇರು ಮತ್ತು ಗೆಡ್ಡೆಗೆ ಸುತ್ತಿ ಜಿಪ್ ಚೀಲಕ್ಕೆ ಹಾಕಿದರಾಯಿತು. ಜಾಗ ತರಕಾರಿ ಡಬ್ಬದಲ್ಲಿ. ಫ್ರೀಜರ್‌ನಲ್ಲಿ ಖಂಡಿತ ಅಲ್ಲ. ತರಕಾರಿ ಡಬ್ಬದ ತಂಪಿನಲ್ಲಿ ಗಿಡದ ಉಸಿರಾಟವೇ ನಿಧಾನವಾಗುವುದರಿಂದ ಕತ್ತಲೆ ಅದನ್ನು ಬಾಧಿಸುವುದಿಲ್ಲ. ವಾರಕ್ಕೊಮ್ಮೆ ಚೀಲ ತೆರೆದು ಗಾಳಿಯಾಡಿಸಿ, ಬೂಷ್ಟಿದೆಯೇ ನೋಡಬೇಕು. ಕೊತ್ತಂಬರಿ ಸೊಪ್ಪೆಂದು ಯಾರಾದರೂ ಸಾರಿಗೆ ಹಾಕದಂತೆ ಚೀಟಿ ಅಂಟಿಸುವುದೂ ಒಳ್ಳೆಯದೇ.

ಫೆಬ್ರವರಿಯಲ್ಲಿ ಹೊರತೆಗೆದು ಪೀಟ್ ಮತ್ತು ಪರ್ಲೈಟ್ ಮಿಶ್ರಣದಲ್ಲಿ ನೆಡಬೇಕು. ಮೊದಲ ವಾರ ನೆರಳು, ಆಮೇಲೆ ಬಿಸಿಲು. ನೀರು ಮಳೆಯದ್ದು ಅಥವಾ ಬಟ್ಟಿ ಇಳಿಸಿದ್ದು ಮಾತ್ರ. ಸಾರಜನಕ ತೀರಾ ಕಡಿಮೆಯಿರುವ ಬಡ ಮಣ್ಣಿನಲ್ಲಿ ಬದುಕಲೆಂದೇ ಕೀಟ ತಿನ್ನಲು ಕಲಿತ ಗಿಡವಿದು. ಬೋರ್‌ವೆಲ್ ನೀರಿನ ಲವಣವನ್ನು ಅದರ ಬೇರು ತಾಳದು.

ನಿದ್ದೆಯ ಹೊತ್ತಿನಲ್ಲಿ ನೊಣ ತಿನ್ನಿಸುವ ಉಪಕಾರವೂ ಬೇಡ. ಎಲೆಯ ಬಲೆಯೊಳಗೆ ಸೂಜಿಮೊನೆಯಂಥ ಕೂದಲುಗಳಿವೆ. ಸುಮಾರು ಇಪ್ಪತ್ತು ಸೆಕೆಂಡಿನೊಳಗೆ ಎರಡು ಸಲ ಸ್ಪರ್ಶವಾದರೆ ಮಾತ್ರ ಬಲೆ ಮುಚ್ಚುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಹಿಡಿಯುವುದು ಸೆಕೆಂಡಿನ ಹತ್ತನೇ ಒಂದು ಭಾಗ. ತಂಪಿನಲ್ಲಿ ಜೀರ್ಣರಸ ಸರಿಯಾಗಿ ಸುರಿಯದೆ ನೊಣದ ಜೊತೆ ಎಲೆಯೂ ಕೊಳೆಯುತ್ತದೆ.

ನ್ಯೂಜೆರ್ಸಿಯಲ್ಲಿರುವ ಕನ್ನಡಿಗರದ್ದು ತದ್ವಿರುದ್ಧ ತೊಂದರೆ: ಅಲ್ಲಿ ಹೊರಗಿಟ್ಟ ಸಣ್ಣ ಕುಂಡ ಪೂರ್ತಿ ಹೆಪ್ಪುಗಟ್ಟುತ್ತದೆ. ಹೀಟರ್ ಇಲ್ಲದ ಗ್ಯಾರೇಜಿನ ಕಿಟಕಿಯ ಬಳಿ ಇಟ್ಟರೆ ಸಾಕು.

ಸರಸೀನಿಯಾ ಎಂಬ ಇನ್ನೊಂದು ಕೀಟಾಹಾರಿ ಗಿಡಕ್ಕೂ ಚಳಿನಿದ್ದೆ ಬೇಕು. ಆದರೆ ಎಲ್ಲ ಕೀಟಾಹಾರಿಗಳನ್ನೂ ಫ್ರಿಜ್ಜಿಗೆ ತುರುಕಬಾರದು. ಮೇಘಾಲಯದ ಹೂಜಿ ಗಿಡ ನೆಪೆಂಥಿಸ್ ಖಾಸಿಯಾನಾ ವರ್ಷವಿಡೀ ಎಚ್ಚರವಿರುತ್ತದೆ. ನಮ್ಮ ಪಶ್ಚಿಮಘಟ್ಟದ ಡ್ರಾಸೆರಾ ಪೆಲ್ಟಾಟಾ ಮಲಗುವುದು ಬೇಸಿಗೆಯ ಒಣಕಾಲದಲ್ಲಿ, ನೆಲದೊಳಗಿನ ಪುಟ್ಟ ಗೆಡ್ಡೆಯಾಗಿ.

ಕೊಳ್ಳುವಾಗ ನರ್ಸರಿಯಲ್ಲಿ ಬೆಳೆಸಿದ ಗಿಡವನ್ನೇ ಕೇಳಿ ಪಡೆಯಿರಿ. ಉತ್ತರ ಕೆರೊಲಿನಾದಲ್ಲಿ ಕಾಡಿನ ಫ್ಲೈಟ್ರ್ಯಾಪ್ ಕದಿಯುವುದು 2014ರ ಡಿಸೆಂಬರ್‌ನಿಂದ ಗಂಭೀರ ಅಪರಾಧ.