ಗಾಳದ ತುದಿಯ ರಾಗಿ ಮುದ್ದೆ

ಏಪ್ರಿಲ್ ಬಂತೆಂದರೆ ಮೈಸೂರಿನ ಗಾಳದವರಿಗೆ ಊರೊಳಗೆ ಕಾಲು ನಿಲ್ಲುವುದಿಲ್ಲ. ಕುಕ್ಕರಹಳ್ಳಿ, ಕಾರಂಜಿ ಕೆರೆಗಳು ವಾಕಿಂಗಿನವರ ಮತ್ತು ಹಕ್ಕಿಗಳ ಪಾಲು. ಹಾಗಾಗಿ ಭಾನುವಾರ ಬೆಳಕು ಹರಿಯುವ ಮುಂಚೆ ಸ್ಕೂಟರಿಗೆ ಬಿದಿರುಕೋಲು ಕಟ್ಟಿಕೊಂಡು ಶ್ರೀರಂಗಪಟ್ಟಣದ ಕಡೆಗೋ ನಂಜನಗೂಡಿನ ಕಡೆಗೋ ಹೊರಟುಬಿಡುತ್ತಾರೆ. ಬೇಸಿಗೆಗೆ ಕಾವೇರಿ, ಕಬಿನಿ ಎರಡೂ ಇಳಿದು ಬಂಡೆ ಎದ್ದಿರುತ್ತವೆ. ಮೀನು ಮಡುಗಳಿಗೆ ಬಂದು ಸೇರಿರುತ್ತದೆ. ರಂಗನತಿಟ್ಟಿನಲ್ಲಿ ಮಾತ್ರ ಗಾಳ ಬಿಚ್ಚುವಂತಿಲ್ಲ, ಅದು ಪಕ್ಷಿಧಾಮ.

ಸಲಕರಣೆ ನೋಡಿದರೆ ನಗು ಬರಬೇಕು. ಕೋಲು, ನೈಲಾನ್ ದಾರ, ಕೊಕ್ಕೆ, ಬೆಂಡಿಗೆ ಹವಾಯಿ ಚಪ್ಪಲಿಯ ಚೂರು. ಎರೆಹುಳು ಸಿಗದಿದ್ದರೆ ರಾತ್ರಿಯ ರಾಗಿ ಮುದ್ದೆ. ಅದನ್ನು ಬೆರಳಲ್ಲಿ ಮಿದ್ದು, ಕಡಲೆಕಾಳಿನಷ್ಟು ಉಂಡೆ ಮಾಡಿ, ಕೊಕ್ಕೆಯ ಮೊನೆ ಮುಚ್ಚುವಂತೆ ಮೆತ್ತಬೇಕು. ಮೆತ್ತಗಾದರೆ ನೀರಿಗೆ ಕರಗುತ್ತದೆ, ಗಟ್ಟಿಯಾದರೆ ಮೀನು ಉಗಿಯುತ್ತದೆ. ಆಮೇಲೆ ಬೆಂಡಿನ ಮೇಲೆ ಕಣ್ಣು. ಜಿಲೇಬಿ ಮೀನು ಅದನ್ನು ಕುಟುಕುಟು ಕುಣಿಸುತ್ತದೆ. ಗೆಂಡೆ ಬಂದರೆ ಬೆಂಡು ಅಡ್ಡಕ್ಕೆ ಜಾರಿ ಒಮ್ಮೆಗೇ ಮಾಯ. ಎಳೆಯಬೇಕಾದ್ದು ಆಗ. ಕುಣಿತಕ್ಕೇ ಎಳೆದವನಿಗೆ ಬರೀ ಕೊಕ್ಕೆ. ನಾನು ಈ ಎರಡನೇ ಪಂಗಡ.

ಇಂಗ್ಲೆಂಡಿನ ಗಾಳದವರ ಲೆಕ್ಕದಲ್ಲಿ ಸಾಲ್ಮನ್, ಟ್ರೌಟ್ ದೊಡ್ಡ ಮನೆತನದ ಮೀನು, ಗೆಂಡೆ ಕುಲದ್ದೆಲ್ಲ ಒರಟು ಜಾತಿ. ಮಹಶೀರ್, ಅಂದರೆ ನಮ್ಮ ಬಿಳಿಮೀನು, ಆ ಒರಟು ಕುಲದ್ದೇ. ಆದರೂ ಮದ್ರಾಸ್ ಸರ್ಕಾರದ ಅಧಿಕಾರಿ ಎಚ್.ಎಸ್. ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ದಿ ರಾಡ್ ಇನ್ ಇಂಡಿಯಾ’ದಲ್ಲಿ ಅದನ್ನು ಸಾಲ್ಮನ್‌ಗಿಂತ ಮೇಲೆ ಕೂರಿಸಿದರು. ಕಾವೇರಿ ದಡದ ಭೀಮೇಶ್ವರಿಯ ಗಾಳದ ಶಿಬಿರಗಳಲ್ಲಿ ವಿದೇಶದ ರಾಡು, ರೀಲು ಹಿಡಿದು ಬಂದವರೂ ಕೊಕ್ಕೆಗೆ ಮೆತ್ತುತ್ತಿದ್ದದ್ದು ಬೇಯಿಸಿದ ರಾಗಿ ಉಂಡೆಯನ್ನೇ. ಕಡಲೆಕಾಳಿನ ಬದಲು ದೊಡ್ಡ ನಿಂಬೆಹಣ್ಣಿನ ಗಾತ್ರ, ಅಷ್ಟೇ.

ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವಂತವೆಂಬಂತೆ ನಿಲ್ಲಿಸುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್, 1946ರ ಮಾರ್ಚ್ 22ರಂದು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಎಳೆದರು. ಸುಮಾರು 54 ಕಿಲೋ, ಆಳುತೂಕ. ಬೆನ್ನ ಮೇಲೆ ಡುಬ್ಬವಿರುವ ಈ ಜಾತಿಯ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ: ಟಾರ್ ರೇಮಾದೇವಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಮೊನ್ನೆ ನಂಜನಗೂಡಿನ ಬಳಿ ಸಂಜೆಯವರೆಗೆ ಕೂತೆ. ಚೀಲದಲ್ಲಿ ಅಂಗೈಯಗಲದ ನಾಲ್ಕು ಜಿಲೇಬಿ, 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾದ ಮೀನು. ಡಬ್ಬಿಯಲ್ಲಿ ಮುದ್ದೆ ಇನ್ನೂ ಅರ್ಧ ಉಳಿದಿತ್ತು.