ಲಿಂಕನ್ ಮನೆತನದ ಕಾಗದಪತ್ರಗಳು

ಮನೆತನದ ಚರಿತ್ರೆಯನ್ನು ಬರೆಯುವವರಲ್ಲಿ ಎರಡು ಬಗೆ. ವಂಶದ ಮೂಲಪುರುಷನನ್ನು ಯಾವುದಾದರೊಂದು ರಾಜಕುಲಕ್ಕೆ ಗಂಟುಹಾಕಿ ಅಲ್ಲಿಂದ ಕೆಳಗಿಳಿಯುತ್ತ ಬರುವವರು ಒಂದು ಬಗೆ. ತಿಳಿದ ಮನುಷ್ಯನಿಂದ ಹೊರಟು, ಕೈಯಲ್ಲಿ ಆಧಾರವಿರುವಷ್ಟು ದೂರ ಮಾತ್ರ ಹಿಂದಕ್ಕೆ ನಡೆಯುವವರು ಇನ್ನೊಂದು ಬಗೆ. ಮೊದಲನೆಯದು ಕೇಳುವುದಕ್ಕೆ ಇಂಪು; ಎರಡನೆಯದು ನಂಬುವುದಕ್ಕೆ ಯೋಗ್ಯ. ಈ ಎರಡನೆಯ ಮಾರ್ಗ ಹೇಗೆ ಸಾಗುತ್ತದೆ ಎಂಬುದನ್ನು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನನ ಮನೆತನದ ನಿದರ್ಶನದಿಂದ ವಿವರಿಸುವುದು ಈ ಭಾಷಣದ ಉದ್ದೇಶ. ಹಳಗನ್ನಡ ಕಾವ್ಯಗಳ ಪಾಠಾಂತರಗಳನ್ನು ತೂಗಿ ನೋಡುವ ಪಾಠವನ್ನು ಬಹುಕಾಲ ಹೇಳಿದ ನನಗೆ ಈ ಶೋಧನೆಯ ಕಥೆ ಪರಿಚಿತವಾದ ದಾರಿಯೆಂಬಂತೆ ಕಂಡಿತು. ಲಿಪಿಕಾರನ ಕೈತಪ್ಪು, ಒಂದೇ ಹೆಸರಿನ ಇಬ್ಬರು, ನಡುವೆ ಕಳೆದುಹೋದ ಗರಿ, ಇವು ಅಲ್ಲಿಯೂ ಉಂಟು.

ಲಿಂಕನ್ನನಿಗೆ ತನ್ನ ಪೂರ್ವಜರ ವಿಷಯ ಹೆಚ್ಚು ತಿಳಿದಿರಲಿಲ್ಲ. 1848ರಲ್ಲಿ, ಆತ ಅಮೆರಿಕದ ಕಾಂಗ್ರೆಸ್ಸಿನ ಸದಸ್ಯನಾಗಿದ್ದಾಗ, ಮ್ಯಾಸಚೂಸೆಟ್ಸಿನ ಹಿಂಗ್‌ಹ್ಯಾಂ ಎಂಬ ಊರಿನಿಂದ ಸಾಲೊಮನ್ ಲಿಂಕನ್ ಎಂಬಾತ ಆತನ ವಂಶವನ್ನು ಕುರಿತು ವಿಚಾರಿಸಿ ಬರೆದ. ತನ್ನ ಅಜ್ಜ ವರ್ಜೀನಿಯದಿಂದ ಕೆಂಟಕಿಗೆ ಬಂದವನು, ಅವನ ಹಿರಿಯರು ಪೆನ್ಸಿಲ್ವೇನಿಯದ ಬರ್ಕ್ಸ್ ಕೌಂಟಿಯವರು, ಕ್ವೇಕರ್ ಪಂಥದವರು ಎಂದು ಕೇಳಿಬಲ್ಲೆ ಎನ್ನುವುದಕ್ಕಿಂತ ಹೆಚ್ಚಿನದೇನೂ ಆತನಲ್ಲಿರಲಿಲ್ಲ. 1859ರಲ್ಲಿ ಬರೆದ ಪುಟ್ಟ ಆತ್ಮವೃತ್ತದಲ್ಲಿಯೂ ಅಷ್ಟೇ. ಮ್ಯಾಸಚೂಸೆಟ್ಸಿನ ಲಿಂಕನ್ನರಿಗೂ ತನ್ನವರಿಗೂ ಸಂಬಂಧ ಕಲ್ಪಿಸುವ ಪ್ರಯತ್ನ ನಡೆಯಿತೆಂದೂ, ಎರಡು ಕಡೆಯೂ ಮಾರ್ಡಿಕೈ, ಸಾಲೊಮನ್, ಅಬ್ರಹಾಂ ಮೊದಲಾದ ಹೆಸರುಗಳಿವೆಯೆಂಬುದಕ್ಕಿಂತ ಖಚಿತವಾದುದೇನೂ ಸಿಗಲಿಲ್ಲವೆಂದೂ ಆತ ಹೇಳಿದ. ಆ ಕೊಂಡಿಯನ್ನು ಕಾಣದೆಯೇ 1865ರಲ್ಲಿ ತೀರಿಕೊಂಡ.

ಕೊಂಡಿ ಇದ್ದುದು ನೋಂದಣಿಯ ಪುಸ್ತಕಗಳಲ್ಲಿ. ಇಂಗ್ಲೆಂಡಿನಿಂದ ವಲಸೆ ಬಂದವರು ತಮ್ಮೊಡನೆ ಬರವಣಿಗೆಯ ಕಾನೂನನ್ನೂ ತಂದರು. ಭೂಮಿ ಮಾರಿದರೆ ಕ್ರಯಪತ್ರವನ್ನು ನ್ಯಾಯಾಲಯದ ಗುಮಾಸ್ತ ದೊಡ್ಡ ಪುಸ್ತಕಕ್ಕೆ ನಕಲು ಮಾಡುತ್ತಿದ್ದ. ಒಡೆಯ ಸತ್ತರೆ ಉಯಿಲನ್ನು ಸಾಕ್ಷಿಗಳ ಮೂಲಕ ರುಜುವಾತುಪಡಿಸಿ ಬರೆದಿಡುತ್ತಿದ್ದರು. ಜನನ ಮರಣಗಳ ದಾಖಲೆಯನ್ನು ನ್ಯೂ ಇಂಗ್ಲೆಂಡಿನ ಊರುಗಳು ಮೊದಲಿನಿಂದಲೂ ಇಟ್ಟುಕೊಂಡು ಬಂದವು. ದಕ್ಷಿಣದ, ಪಶ್ಚಿಮದ ಗಡಿನಾಡುಗಳಲ್ಲಿ ಅದು ಅಪರೂಪ. ಹುಟ್ಟಿದ ದಿನವನ್ನು ಬರೆದಿಡದ ಜನ ಹೊಲದ ಚೆಕ್ಕುಬಂದಿಯನ್ನು ಮಾತ್ರ ತಪ್ಪದೆ ಬರೆಸಿಟ್ಟರು. ಆದ್ದರಿಂದ ವಂಶಶೋಧಕ ಹೊಲವನ್ನು ಹಿಡಿದು ಮನುಷ್ಯನನ್ನು ಹುಡುಕಬೇಕಾಯಿತು.

ಮೊದಲಿನಿಂದ ನೋಡೋಣ. ಸ್ಯಾಮ್ಯುಯಲ್ ಲಿಂಕನ್ ಎಂಬ ಹುಡುಗ ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಹಿಂಗ್‌ಹ್ಯಾಮಿನವನು. 1622ರಲ್ಲಿ ಅವನ ನಾಮಕರಣವಾದುದು ಅಲ್ಲಿನ ಇಗರ್ಜಿಯ ಪುಸ್ತಕದಲ್ಲಿದೆ. ನೇಕಾರನೊಬ್ಬನ ಬಳಿ ಕೆಲಸ ಕಲಿಯುತ್ತಿದ್ದ ಅವನು 1637ರಲ್ಲಿ ಹಡಗೇರಿ ಮ್ಯಾಸಚೂಸೆಟ್ಸಿಗೆ ಬಂದು, ಅದೇ ಹೆಸರಿನ ಹೊಸ ಊರಿನಲ್ಲಿ ನೆಲೆಸಿದ. ಅವನ ಮಗ ಮಾರ್ಡಿಕೈ ಕಮ್ಮಾರ. ಅವನು ಕೈಹಿಡಿದುದು ಅಬ್ರಹಾಂ ಜೋನ್ಸ್ ಎಂಬಾತನ ಮಗಳು ಸಾರಾಳನ್ನು. ಈ ಮದುವೆಯಿಂದಲೇ ಅಬ್ರಹಾಂ ಎಂಬ ಹೆಸರು ಲಿಂಕನ್ನರ ಮನೆಗೆ ಬಂದಿತು. ತಾತನ ಹೆಸರನ್ನು ಮೊಮ್ಮಗನಿಗಿಡುವ ರೂಢಿ ಅವರಲ್ಲಿಯೂ ಇದ್ದುದರಿಂದ, ಹೆಸರುಗಳು ವಂಶಶೋಧಕನಿಗೆ ಸೂಚನೆಗಳಾಗುತ್ತವೆ. ಆದರೆ ಸೂಚನೆ ಪ್ರಮಾಣವಲ್ಲ. ಲಿಂಕನ್ನನಿಗೆ ದೊರೆತಿದ್ದುದು ಸೂಚನೆ. ಪ್ರಮಾಣ ಇನ್ನೂ ಬೇಕಾಗಿತ್ತು.

ಕಮ್ಮಾರ ಮಾರ್ಡಿಕೈ 1727ರಲ್ಲಿ ತೀರಿಕೊಂಡ. ಅವನ ಉಯಿಲಿನಲ್ಲಿ ಊರಿನಲ್ಲಿ ಉಳಿದ ಮಕ್ಕಳಿಗೆ ಭೂಮಿ ದೊರೆಯಿತು. ಆಗಲೇ ದೂರ ಹೋಗಿದ್ದ ಮಾರ್ಡಿಕೈ ಮತ್ತು ಅಬ್ರಹಾಂ ಎಂಬ ಮಕ್ಕಳಿಗೆ ಹಣ ದೊರೆಯಿತು. ಉಯಿಲನ್ನು ಓದುವುದರಲ್ಲಿ ಇದೊಂದು ಮುಖ್ಯ ಪಾಠ: ಯಾರಿಗೆ ಏನು ಕೊಟ್ಟ ಎಂಬುದರಿಂದ ಯಾರು ಎಲ್ಲಿದ್ದರು ಎಂಬುದನ್ನು ಊಹಿಸಬಹುದು. ತಂದೆಯ ಹೆಸರನ್ನೇ ಹೊತ್ತ ಕಿರಿಯ ಮಾರ್ಡಿಕೈ ನ್ಯೂಜೆರ್ಸಿಗೆ ಹೋಗಿ, ಅಲ್ಲಿ ಹನ್ನಾ ಸಾಲ್ಟರ್ ಎಂಬಾಕೆಯನ್ನು ಮದುವೆಯಾದ. ಅವನು ಅಲ್ಲಿದ್ದುದಕ್ಕೆ ಒಂದು ಕರುಣಾಜನಕ ಸಾಕ್ಷ್ಯ ಇಂದಿಗೂ ಉಂಟು: 1720ರ ಮೇ ತಿಂಗಳಲ್ಲಿ, 3 ವರ್ಷ 4 ತಿಂಗಳ ವಯಸ್ಸಿನಲ್ಲಿ ತೀರಿಕೊಂಡ ಡೆಬೊರಾ ಎಂಬ ಮಗಳ ಸಮಾಧಿಶಿಲೆ. ಆಮೇಲೆ ಅವನು ಪೆನ್ಸಿಲ್ವೇನಿಯಕ್ಕೆ ಸಾಗಿ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಪಾಲುದಾರನಾದ.

ಈ ಮಾರ್ಡಿಕೈಯ ಉಯಿಲಿನ ತಾರೀಖು 1735ರ ಫೆಬ್ರವರಿ 22. ಆದರೆ ಅಂದಿನ ಇಂಗ್ಲಿಷ್ ಪಂಚಾಂಗದಲ್ಲಿ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ನಮ್ಮ ಲೆಕ್ಕಕ್ಕೆ ಅದು 1736. 1752ರಲ್ಲಿ ಪಂಚಾಂಗ ಬದಲಾದುದನ್ನು ಮರೆತ ಶೋಧಕ ಮಗನನ್ನು ತಂದೆಯ ಮದುವೆಗೆ ಮುನ್ನವೇ ಹುಟ್ಟಿಸಿಬಿಡುವ ಅಪಾಯವಿದೆ. ಈ ಉಯಿಲಿನಲ್ಲಿ ಮಾರ್ಡಿಕೈ ಜಾನ್ ಎಂಬ ಮಗನಿಗೆ ನ್ಯೂಜೆರ್ಸಿಯಲ್ಲಿದ್ದ 300 ಎಕರೆ ಭೂಮಿಯನ್ನು ಬಿಟ್ಟ. ಹೆಂಡತಿ ಗರ್ಭಿಣಿಯಾಗಿದ್ದುದರಿಂದ ಹುಟ್ಟಲಿರುವ ಮಗುವಿಗೂ ಪಾಲು ಗೊತ್ತುಮಾಡಿದ. ಆ ಮಗುವೇ ಮುಂದೆ ಕ್ವೇಕರ್ ಪಂಥದ ಆನ್ ಬೂನ್ ಎಂಬಾಕೆಯನ್ನು ಮದುವೆಯಾದ ಇನ್ನೊಬ್ಬ ಅಬ್ರಹಾಂ. ಮನೆತನದಲ್ಲಿ ಉಳಿದುಬಂದ ಕ್ವೇಕರ್ ನೆನಪಿಗೆ ಇಂಥ ಸಂಬಂಧಗಳೂ ಕಾರಣವಾಗಿರಬಹುದು.

ಈಗ ಪ್ರಶ್ನೆ. ವರ್ಜೀನಿಯಕ್ಕೆ ಹೋದ ಜಾನ್ ಲಿಂಕನ್ ಈ ಮಾರ್ಡಿಕೈಯ ಮಗನೇ ಎನ್ನುವುದಕ್ಕೆ ಆಧಾರವೇನು? ಜಾನ್ ಎಂಬ ಹೆಸರು ಊರಿಗೊಂದರಂತೆ ಸಿಗುತ್ತದೆ. ಉತ್ತರ ನ್ಯೂಜೆರ್ಸಿಯ ದಾಖಲೆಗಳಲ್ಲಿತ್ತು. 1748ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯದ ನಿವಾಸಿ ಜಾನ್ ಲಿಂಕನ್ ನ್ಯೂಜೆರ್ಸಿಯ ಅದೇ 300 ಎಕರೆಯನ್ನು ಮಾರಿದ. ಹೆಸರು ಕೂಡಿತು, ಭೂಮಿ ಕೂಡಿತು, ಅಳತೆಯೂ ಕೂಡಿತು. ತನ್ನದಾಗದ ಭೂಮಿಯನ್ನು ಯಾರೂ ಮಾರಲಾರರು. ಅದು ತನ್ನದಾದುದು ಹೇಗೆಂದು ಕ್ರಯಪತ್ರ ಹೇಳಲೇಬೇಕು. ಹೀಗೆ ಉಯಿಲೂ ಕ್ರಯಪತ್ರವೂ ಒಂದು ಬೀಗದ ಎರಡು ಕೈಗಳಂತೆ ಕೂಡಿಕೊಂಡವು. ಸ್ಯಾಮ್ಯುಯಲ್ ಶ್ಯಾಕ್‌ಫರ್ಡ್ ಎಂಬಾತ ಈ ವಂಶಸರಣಿಯನ್ನು 1887ರಲ್ಲಿ ನ್ಯೂ ಇಂಗ್ಲೆಂಡಿನ ವಂಶಚರಿತ್ರೆಯ ಪತ್ರಿಕೆಯಲ್ಲಿ ಪ್ರಕಟಿಸಿದ. ಲಿಂಕನ್ ತೀರಿಕೊಂಡು ಆಗ 22 ವರ್ಷಗಳಾಗಿದ್ದವು.

ಜಾನ್ 1768ರಲ್ಲಿ ವರ್ಜೀನಿಯದ ಲಿನ್‌ವಿಲ್ ಹಳ್ಳದ ದಡದಲ್ಲಿ ಭೂಮಿ ಕೊಂಡ. 1773ರಲ್ಲಿ ಅದರ ಒಂದು ಭಾಗವನ್ನು ಮಗ ಅಬ್ರಹಾಮನಿಗೆ ಬರೆದುಕೊಟ್ಟ. ಈತನೇ ಅಧ್ಯಕ್ಷ ಲಿಂಕನ್ನನ ಅಜ್ಜ. 1780ರ ಫೆಬ್ರವರಿಯಲ್ಲಿ ಈತ ಅಲ್ಲಿನ ಭೂಮಿಯನ್ನು 5000 ಪೌಂಡಿಗೆ ಮಾರಿದ. ಮೊತ್ತ ಕೇಳಿ ಬೆರಗಾಗಬೇಕಾಗಿಲ್ಲ. ಸ್ವಾತಂತ್ರ್ಯಯುದ್ಧದ ಆ ಕಾಲದಲ್ಲಿ ಕಾಗದದ ಹಣದ ಬೆಲೆ ಪಾತಾಳಕ್ಕಿಳಿದಿತ್ತು. ಈ ಪತ್ರದಲ್ಲಿ ಇನ್ನೊಂದು ಅಮೂಲ್ಯ ಸಂಗತಿಯಿದೆ. ಗಂಡನ ಭೂಮಿಯಲ್ಲಿ ಹೆಂಡತಿಗೆ ವಿಧವಾಭಾಗದ ಹಕ್ಕಿದ್ದುದರಿಂದ, ಆಕೆ ಒಪ್ಪದೆ ಮಾರಾಟ ಪೂರ್ತಿಯಾಗುತ್ತಿರಲಿಲ್ಲ. ಗಂಡನಿಂದ ಬೇರೆಯಾಗಿ ಕೂರಿಸಿ, ಬಲವಂತವಿಲ್ಲದೆ ಒಪ್ಪಿದೆಯಾ ಎಂದು ಆಕೆಯನ್ನು ಕೇಳಬೇಕಾಗಿತ್ತು. ಹಾಗೆ ಒಪ್ಪಿಗೆ ಕೊಟ್ಟವಳ ಹೆಸರು ಬಾತ್‌ಷೀಬಾ. ಅಧ್ಯಕ್ಷನ ಅಜ್ಜಿ ಮೇರಿ ಶಿಪ್ಲಿ ಎಂಬ ಬೇರೊಬ್ಬಳೆಂದು ಹೇಳುತ್ತಿದ್ದ ಮಾತನ್ನು ಈ ಪತ್ರದ ಎದುರು ನಿಲ್ಲಿಸಿ ನೋಡಬೇಕಾಯಿತು. ಆ ಕಾಲದ ಅನೇಕ ಸ್ತ್ರೀಯರ ಹೆಸರು ಉಳಿದಿರುವುದು ಹೀಗೆ, ಹೊಲ ಮಾರುವಾಗ ಅವರನ್ನು ಒಂದು ಮಾತು ಕೇಳಲೇಬೇಕಾಗಿದ್ದುದರಿಂದ.

ಅದೇ ವರ್ಷದ ಮಾರ್ಚಿಯಲ್ಲಿ ಅಬ್ರಹಾಂ 160 ಪೌಂಡು ತೆತ್ತು ಕೆಂಟಕಿಯಲ್ಲಿ 400 ಎಕರೆಗೆ ಸರಕಾರದ ಹಕ್ಕುಚೀಟಿ ಪಡೆದ. ಗುಮಾಸ್ತ ಅದರಲ್ಲಿ ಬರೆದುಕೊಂಡ ಹೆಸರು ಲಿಂಕ್‌ಹಾರ್ನ್! ಕಿವಿಗೆ ಬಿದ್ದಂತೆ ಬರೆಯುವುದು ಅಂದಿನ ಪದ್ಧತಿ. ಲಿಂಕನ್ ಎಂಬ ಅಕ್ಷರಗಳನ್ನೇ ಹುಡುಕುವವನಿಗೆ ಈ ಚೀಟಿ ಸಿಗಲಾರದು. ಗುಮಾಸ್ತನ ಕಿವಿಯನ್ನು ಬಲ್ಲವನಿಗೆ ಮಾತ್ರ ಸಿಕ್ಕೀತು.

1786ರಲ್ಲಿ, ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ, ಅಬ್ರಹಾಂ ಮೂಲನಿವಾಸಿಗಳ ಗುಂಡಿಗೆ ಬಲಿಯಾದ. ಉಯಿಲು ಬರೆದಿರಲಿಲ್ಲ. ನ್ಯಾಯಾಲಯ ಮಾಡಿಸಿದ ಚರಸ್ವತ್ತಿನ ಪಟ್ಟಿಯಲ್ಲಿ ಕುದುರೆ, ಹಸು, ಬಂದೂಕು, ತವರಮಿಶ್ರ ಲೋಹದ ತಟ್ಟೆ, ಗರಿಯ ಹಾಸಿಗೆಗಳು ಕಾಣಿಸುತ್ತವೆ. ಭೂಮಿಯ ಗತಿ ಬೇರೆ. ಕೆಂಟಕಿ ಆಗ ವರ್ಜೀನಿಯಕ್ಕೆ ಸೇರಿತ್ತು. ಉಯಿಲಿಲ್ಲದೆ ಸತ್ತವನ ಭೂಮಿಯೆಲ್ಲ ಹಿರಿಯ ಮಗನಿಗೆ ಎಂಬ ಹಳೆಯ ನಿಯಮವನ್ನು ವರ್ಜೀನಿಯ ರದ್ದುಪಡಿಸಿತಾದರೂ, ಹೊಸ ಕಾನೂನು ಜಾರಿಗೆ ಬಂದುದು 1787ರ ಜನವರಿ 1ರಂದು. ಕೆಲವೇ ತಿಂಗಳುಗಳ ಅಂತರದಲ್ಲಿ ಭೂಮಿಯೆಲ್ಲ ಹಿರಿಯ ಮಗ ಮಾರ್ಡಿಕೈಗೆ ಹೋಯಿತು. ಕಿರಿಯ ಮಗ ಥಾಮಸ್ ಕೂಲಿ ಮಾಡುತ್ತ ಅಲೆದು ಬೆಳೆದ, ವಿದ್ಯೆ ದಕ್ಕಲಿಲ್ಲ. ಈ ಥಾಮಸನೇ ಅಧ್ಯಕ್ಷ ಲಿಂಕನ್ನನ ತಂದೆ. ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿದವನೆಂದು ನಾವು ಓದುವ ಕಥೆಯ ಹಿಂದೆ ಒಂದು ಕಾನೂನಿನ ತಾರೀಖೂ ಇದೆ ಎಂಬುದನ್ನು ಮರೆಯಬಾರದು.

ಇನ್ನು ಮದುವೆಯ ದಾಖಲೆ. ಥಾಮಸನಿಗೂ ನ್ಯಾನ್ಸಿ ಹ್ಯಾಂಕ್ಸಳಿಗೂ ವಿವಾಹವೇ ಆಗಿರಲಿಲ್ಲ, ಲಿಂಕನ್ ನ್ಯಾಯಸಮ್ಮತ ಸಂತಾನವಲ್ಲ ಎಂಬ ಅಪವಾದ ಬಹುಕಾಲ ಹರಡಿತ್ತು. ಅವರು ಮೊದಲು ಸಂಸಾರ ಹೂಡಿದ ಹಾರ್ಡಿನ್ ಕೌಂಟಿಯ ಪುಸ್ತಕಗಳಲ್ಲಿ ಥಾಮಸ್ 1819ರಲ್ಲಿ ಮಾಡಿಕೊಂಡ ಎರಡನೆಯ ಮದುವೆ ಸಿಕ್ಕಿತು, ಮೊದಲನೆಯದು ಸಿಗಲಿಲ್ಲ. ಸಿಗಲಿಲ್ಲವೆಂಬುದನ್ನೇ ಆಗಲಿಲ್ಲವೆಂದು ಜನ ಓದಿಕೊಂಡರು. ಆದರೆ ಮದುವೆ ನಡೆಯುವುದು ಹೆಣ್ಣಿನ ಕಡೆಯವರ ಊರಿನಲ್ಲಿ. 1878ರಲ್ಲಿ ವಾಷಿಂಗ್ಟನ್ ಕೌಂಟಿಯ ಗುಮಾಸ್ತ ಡಬ್ಲ್ಯು. ಎಫ್. ಬೂಕರ್ ತನ್ನ ಕಚೇರಿಯ ಹಳೆಯ ಕಾಗದಗಳಲ್ಲಿ ಆ ಮುಚ್ಚಳಿಕೆಯನ್ನು ಕಂಡ. 1806ರ ಜೂನ್ 10ರಂದು ಥಾಮಸ್ ಲಿಂಕನ್ 50 ಪೌಂಡಿನ ಮುಚ್ಚಳಿಕೆ ಬರೆದುಕೊಟ್ಟಿದ್ದ. ರಿಚರ್ಡ್ ಬೆರಿ ಪೋಷಕನೆಂದು ಸಹಿ ಹಾಕಿದ್ದ. ಮದುವೆಗೆ ಕಾನೂನಿನ ಅಡ್ಡಿಯೇನಾದರೂ ಇದ್ದರೆ ಆ ಹಣ ತೆರಬೇಕೆಂಬುದು ಅದರ ಅರ್ಥ. ಜೂನ್ 12ರಂದು ಜೆಸ್ಸಿ ಹೆಡ್ ಎಂಬ ಪಾದ್ರಿ ಮದುವೆ ಮಾಡಿಸಿದುದಾಗಿ ಕಳುಹಿಸಿದ ಪಟ್ಟಿಯೂ ಸಿಕ್ಕಿತು. ಲಿಂಕನ್ ಹುಟ್ಟಿದುದು 1809ರ ಫೆಬ್ರವರಿ 12ರಂದು. 72 ವರ್ಷ ಧೂಳಿನಲ್ಲಿದ್ದ ಒಂದು ಹಾಳೆ ಒಬ್ಬ ತಾಯಿಯ ಮಾನವನ್ನು ಉಳಿಸಿತು.

ಕಾಗದವೂ ದಾರಿ ತಪ್ಪಿಸಬಲ್ಲುದು. ಜೋಸೆಫ್ ಹ್ಯಾಂಕ್ಸ್ ಎಂಬಾತ 1793ರಲ್ಲಿ ಬರೆದ ಉಯಿಲಿನಲ್ಲಿ ನ್ಯಾನ್ಸಿ ಎಂಬ ಮಗಳಿಗೆ ಒಂದು ಕಡಸು ಬಿಟ್ಟಿದ್ದಾನೆ. 1899ರಲ್ಲಿ ಕ್ಯಾರೊಲಿನ್ ಹ್ಯಾಂಕ್ಸ್ ಹಿಚ್‌ಕಾಕ್ ಎಂಬ ಲೇಖಕಿ ಈ ನ್ಯಾನ್ಸಿಯೇ ಲಿಂಕನ್ನನ ತಾಯಿ ಎಂದು ಪುಸ್ತಕ ಬರೆದಳು. ಉಯಿಲು ನಿಜ, ಹೆಸರು ನಿಜ, ಕಡಸೂ ನಿಜ. ಮನುಷ್ಯಳು ಮಾತ್ರ ಬೇರೆ. ಆ ನ್ಯಾನ್ಸಿ ಲೀವೈ ಹಾಲ್ ಎಂಬಾತನನ್ನು ಮದುವೆಯಾದವಳು. ಲಿಂಕನ್ನನ ತಾಯಿ ಜೋಸೆಫನ ಇನ್ನೊಬ್ಬ ಮಗಳಾದ ಲೂಸಿಯ ಮಗಳು. ತಾಯಿಯಿಂದ ಮಕ್ಕಳಿಗೆ ಇಳಿದುಬರುವ ಜೀವಕೋಶದ ಗುರುತುಗಳನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಪರೀಕ್ಷೆಯೂ ಇದನ್ನೇ ಸಮರ್ಥಿಸಿತು. ಒಂದು ಹೆಸರನ್ನು ಕಂಡಾಕ್ಷಣ ಅವನೇ ಇವನು ಎನ್ನಬಾರದು; ಊರು, ವಯಸ್ಸು, ಬಂಧುಗಳು, ಸಾಕ್ಷಿಗಳು ಎಲ್ಲವೂ ಹೊಂದಿಕೊಳ್ಳಬೇಕು.

ಕಾಗದ ಹೇಳದೆ ಬಿಡುವ ಸಂಗತಿಯೊಂದನ್ನು ಹೇಳದೆ ಈ ಮಾತನ್ನು ಮುಗಿಸುವಂತಿಲ್ಲ. ಲಿಂಕನ್ನನ ಅಜ್ಜನ ತಮ್ಮ ಐಸಾಕ್ ಟೆನ್ನೆಸ್ಸಿಯಲ್ಲಿ ನೆಲೆಸಿ ಗುಲಾಮರ ಒಡೆಯನಾಗಿದ್ದ. 1863ರಲ್ಲಿ ವಿಮೋಚನೆಯ ಘೋಷಣೆಗೆ ಸಹಿ ಹಾಕಿದವನ ವಂಶದಲ್ಲಿಯೇ ಇದು ನಡೆದಿತ್ತು. ಅಂದಿನ ಉಯಿಲುಗಳಲ್ಲಿ, ಸ್ವತ್ತಿನ ಪಟ್ಟಿಗಳಲ್ಲಿ, ಕುದುರೆ ಹಸುಗಳ ಸಾಲಿನಲ್ಲಿಯೇ ಮನುಷ್ಯರೂ ಬರುತ್ತಾರೆ, ಮನೆತನದ ಹೆಸರಿಲ್ಲದೆ, ಎದುರಿಗೆ ಬೆಲೆ ಹೊತ್ತು. ಅವರು ಭೂಮಿ ಕೊಳ್ಳುವಂತಿರಲಿಲ್ಲ, ಆದ್ದರಿಂದ ಕ್ರಯಪತ್ರವಿಲ್ಲ. ಅವರ ವಿವಾಹವನ್ನು ಕಾನೂನು ಒಪ್ಪುತ್ತಿರಲಿಲ್ಲ, ಆದ್ದರಿಂದ ಮುಚ್ಚಳಿಕೆಯಿಲ್ಲ. 1850, 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ವಯಸ್ಸು, ಲಿಂಗ, ಬಣ್ಣಗಳಿವೆ, ಹೆಸರಿಲ್ಲ. ಅವರೆಲ್ಲರ ಹೆಸರನ್ನೂ ಬರೆದುಕೊಂಡ ಮೊದಲ ಗಣತಿ 1870ರದು.

ಹೀಗಾಗಿ ಇಂದು ಕರಿಯ ಅಮೆರಿಕನ್ನರು ತಮ್ಮ ಹಿರಿಯರನ್ನು ಹುಡುಕುವಾಗ 1870ಕ್ಕಿಂತ ಹಿಂದೆ ಹೋಗಬೇಕಾದರೆ ಒಡೆಯರ ಉಯಿಲುಗಳನ್ನೇ ಬಿಚ್ಚಿ ನೋಡಬೇಕಾಗಿದೆ. ಆಸ್ತಿ ಹಂಚುವುದಕ್ಕಾಗಿ ಬರೆದ ಆ ಸಾಲುಗಳಲ್ಲಿ ತಮ್ಮ ಮುತ್ತಜ್ಜಿಯ ಒಂದೇ ಒಂದು ಹೆಸರು ಸಿಕ್ಕಿತೆಂದರೆ ಅವರಿಗೆ ಅದೇ ಮನೆತನದ ಚರಿತ್ರೆಯ ಮೊದಲ ಪುಟ. ಲಿಂಕನ್ನರ ವಂಶಕ್ಕೆ ಕೊಂಡಿ ಕೂಡಿಸಿಕೊಟ್ಟ ಪುಸ್ತಕಗಳೂ ಈ ಹೆಸರುಗಳನ್ನು ಉಳಿಸಿಕೊಂಡಿರುವ ಪುಸ್ತಕಗಳೂ ಒಂದೇ ಕಪಾಟಿನಲ್ಲಿವೆ. ಓದುವವರು ಎರಡನ್ನೂ ಓದಬೇಕು.